ರೋನ್ ನದಿಗೆ ಸುರಿದ ಬೂದಿ: ಶರೀರದ ಪುನರುತ್ಥಾನದ ಬೋಧನೆಯ ಚರಿತ್ರೆಯಿಂದ ಒಂದು ಅಧ್ಯಾಯ

ಕ್ರಿ.ಶ. 177ರಲ್ಲಿ, ಚಕ್ರವರ್ತಿ ಮಾರ್ಕಸ್ ಅರೇಲಿಯಸನ ಆಳಿಕೆಯಲ್ಲಿ, ಗಾಲ್ ದೇಶದ ಲಿಯೋನ್ ಪಟ್ಟಣದ ಕ್ರೈಸ್ತರು ಘೋರವಾದ ಹಿಂಸೆಗೆ ಗುರಿಯಾದರು. ಲಿಯೋನ್ ಮತ್ತು ವಿಯೆನ್ನ್ ಸಭೆಗಳವರು ಆಸ್ಯ ಹಾಗೂ ಫ್ರುಗ್ಯ ಸೀಮೆಗಳ ಸಹೋದರರಿಗೆ ಬರೆದ ಪತ್ರದಿಂದ ಆ ಸಂಗತಿಗಳು ನಮಗೆ ತಿಳಿದುಬರುತ್ತವೆ. ಯೂಸೇಬಿಯಸನು ಆ ಪತ್ರದ ದೀರ್ಘ ಭಾಗಗಳನ್ನು ತನ್ನ ಸಭಾಚರಿತ್ರೆಯ ಐದನೆಯ ಪುಸ್ತಕದಲ್ಲಿ ಉಳಿಸಿಕೊಟ್ಟಿದ್ದಾನೆ. 90 ವರ್ಷ ಮೀರಿದ್ದ ಬಿಷಪ್ ಪೊಥಿನಸನು ಪೆಟ್ಟುಗಳಿಂದ ಜರ್ಜರಿತನಾಗಿ ಸೆರೆಮನೆಯಲ್ಲೇ ಪ್ರಾಣಬಿಟ್ಟನು. ಬ್ಲಾಂಡಿನಾ ಎಂಬ ದಾಸಿಯ ದುರ್ಬಲ ದೇಹವು ಯಾತನೆಯನ್ನು ತಾಳಲಾರದೆಂದು ಸಭೆಯವರೇ ಭಯಪಟ್ಟಿದ್ದರು. ಆದರೆ ಹಿಂಸಿಸುವವರೇ ದಣಿದರು, ಅವಳು ದಣಿಯಲಿಲ್ಲ. ಕಂಬಕ್ಕೆ ತೂಗಹಾಕಲ್ಪಟ್ಟ ಆ ದಾಸಿಯಲ್ಲಿ ಜೊತೆಯ ಸೆರೆಯಾಳುಗಳು ಶಿಲುಬೆಯ ಕರ್ತನನ್ನೇ ಕಂಡರು.

ಕೊಂದ ಮೇಲೂ ವೈರಿಗಳ ಕೋಪ ತಣಿಯಲಿಲ್ಲ. ಅವರು ಶವಗಳಿಗೆ ಕಾವಲಿಟ್ಟು, ಹೂಣುವುದಕ್ಕೆ ಬಿಡದೆ, ಆರು ದಿನ ಬಯಲಿನಲ್ಲಿರಿಸಿ, ಬಳಿಕ ಸುಟ್ಟು ಬೂದಿಯನ್ನು ರೋನ್ ನದಿಗೆ ಸುರಿದರು. ಇದಕ್ಕೆ ಅವರು ಕೊಟ್ಟ ಕಾರಣವನ್ನೂ ಪತ್ರವು ತಿಳಿಸುತ್ತದೆ: ಪುನರುತ್ಥಾನವೆಂಬ ನಿರೀಕ್ಷೆಯಿಂದಲೇ ಈ ಜನರು ಸಾವಿಗೆ ಹೆದರದೆ ಸಂತೋಷದಿಂದ ನಡೆಯುತ್ತಾರೆ, ಇನ್ನು ಇವರು ಏಳುವರೋ, ಇವರ ದೇವರು ಇವರನ್ನು ಬಿಡಿಸಬಲ್ಲನೋ ನೋಡೋಣ.

ಈ ವೈರಿಗಳು ಸಭೆಯ ಬೋಧನೆಯ ಒಂದು ಅಂಶವನ್ನು ಸರಿಯಾಗಿಯೇ ಗ್ರಹಿಸಿದ್ದರೆಂಬುದನ್ನು ನಾವು ಗಮನಿಸಬೇಕು. ಕ್ರೈಸ್ತರು ಕೇವಲ ಆತ್ಮದ ಅಮರತ್ವವನ್ನು ಸಾರಿದ್ದರೆ ಬೂದಿಯನ್ನು ನದಿಗೆ ಸುರಿಯುವ ಶ್ರಮಕ್ಕೆ ಅರ್ಥವೇ ಇರುತ್ತಿರಲಿಲ್ಲ. ಅವರು ತಪ್ಪಿದ್ದು ಇನ್ನೊಂದು ಕಡೆಯಲ್ಲಿ. ದೇಹದ ಚೂರುಗಳು ಕಾಣೆಯಾದರೆ ದೇವರ ಕೈಯೂ ಕಟ್ಟಿಹೋಗುವುದೆಂದು ಅವರು ಭಾವಿಸಿದರು.

ಸಭೆಯ ಮುಂದೆ ಸುಲಭವಾದ ಒಂದು ಉತ್ತರವಿತ್ತು: ದೇಹವು ಹೋದರೆ ಹೋಗಲಿ, ಆತ್ಮವು ಬಿಡುಗಡೆ ಹೊಂದಿತಲ್ಲ! ಆ ಕಾಲದ ನಾಸ್ಟಿಕ ಬೋಧಕರು ಹೇಳುತ್ತಿದ್ದದ್ದು ಹೆಚ್ಚುಕಡಿಮೆ ಇದನ್ನೇ. ರಕ್ತಮಾಂಸವು ದೇವರ ರಾಜ್ಯಕ್ಕೆ ಬಾಧ್ಯವಾಗಲಾರದೆಂದು ಪೌಲನು ಕೊರಿಂಥದವರಿಗೆ ಬರೆದ ಮಾತನ್ನು (1 ಕೊರಿಂಥ 15:50) ಅವರು ಆಧಾರವಾಗಿ ತೋರಿಸುತ್ತಿದ್ದರು. ಪೊಥಿನಸನ ತರುವಾಯ ಲಿಯೋನಿನ ಬಿಷಪನಾದ ಐರೇನಿಯಸನು ಸುಮಾರು 180ರಲ್ಲಿ ದುರ್ಬೋಧನೆಗಳ ವಿರುದ್ಧ ಐದು ಸಂಪುಟಗಳನ್ನು ಬರೆದಾಗ, ಕೊನೆಯ ಸಂಪುಟದಲ್ಲಿ ಈ ವಾದವನ್ನು ಎದುರಿಸಿದನು. ಮಾಂಸವು ತಾನಾಗಿ ರಾಜ್ಯವನ್ನು ಹಿಡಿಯಲಾರದು, ನಿಜ. ಆದರೆ ದೇವರ ಆತ್ಮನು ಅದನ್ನು ತನ್ನದಾಗಿಸಿಕೊಳ್ಳಬಲ್ಲನು. ಮಣ್ಣಿನಿಂದ ಮನುಷ್ಯನನ್ನು ರೂಪಿಸಿದವನಿಗೆ ಮಣ್ಣಾದವನನ್ನು ಪುನಃ ಎಬ್ಬಿಸುವುದು ಅಸಾಧ್ಯವಲ್ಲ. ಅವನ ಇನ್ನೊಂದು ವಾದವು ಕರ್ತನ ಮೇಜಿನಿಂದ ಬಂದದ್ದು: ಕ್ರಿಸ್ತನ ದೇಹ ಮತ್ತು ರಕ್ತದಿಂದ ಪೋಷಿಸಲ್ಪಟ್ಟ ಈ ನಮ್ಮ ದೇಹವು ನಿತ್ಯಜೀವಕ್ಕೆ ಅಯೋಗ್ಯವೆಂದು ಹೇಳುವುದು ಹೇಗೆ? ಇದನ್ನು ಬರೆದವನು ಸ್ವತಃ ಆ ಸಭೆಯ ಹಿರಿಯನಾಗಿದ್ದವನು. ಬೂದಿಯಾದವರಲ್ಲಿ ಅನೇಕರೊಂದಿಗೆ ಅದೇ ರೊಟ್ಟಿಯಲ್ಲಿ ಪಾಲುಗಾರನಾಗಿದ್ದವನು.

ಆದರೂ ಎದ್ದುಬರುವುದು ಯಾವ ದೇಹ ಎಂಬ ಪ್ರಶ್ನೆ ಮುಗಿಯಲಿಲ್ಲ. ಮೂರನೆಯ ಶತಮಾನದಲ್ಲಿ ಓರಿಗನನು ದೇಹವನ್ನು ನದಿಗೆ ಹೋಲಿಸಿದನು. ಅದರ ದ್ರವ್ಯವು ದಿನದಿನಕ್ಕೂ ಹರಿದುಹೋಗುತ್ತದೆ. ಪೇತ್ರನನ್ನು ಪೇತ್ರನೆಂದು ಗುರುತಿಸುವ ರೂಪವು ಮಾತ್ರ ಉಳಿಯುತ್ತದೆ. ಪುನರುತ್ಥಾನದಲ್ಲಿ ಆ ರೂಪವೇ ಮಹಿಮೆಯನ್ನು ಹೊಂದುತ್ತದೆ. ಇದು ದೇಹವನ್ನು ಹೀನಾಯವಾಗಿ ಕಂಡವನ ಮಾತೆಂದು ನಾವು ಆತುರದಿಂದ ತೀರ್ಮಾನಿಸಬಾರದು. ಡೆಸಿಯಸನ ಕಾಲದ ಹಿಂಸೆಯಲ್ಲಿ ಓರಿಗನನೂ ತನ್ನ ದೇಹದಲ್ಲಿ ಯಾತನೆಯನ್ನು ಅನುಭವಿಸಿದನು. ಆದರೆ ಮೆಥೋಡಿಯಸನು ಅವನನ್ನು ಆಕ್ಷೇಪಿಸಿದನು: ರೂಪವೊಂದೇ ಉಳಿದರೆ ಬಿದ್ದದ್ದು ಒಂದು, ಎದ್ದದ್ದು ಇನ್ನೊಂದು ಎಂದಾಗುವುದಿಲ್ಲವೇ? ವಿಕಾರಗೊಂಡ ವಿಗ್ರಹವನ್ನು ಶಿಲ್ಪಿಯು ಕರಗಿಸಿ ಅದೇ ಲೋಹದಿಂದ ಪುನಃ ಎರಕಹೊಯ್ಯುವಂತೆ ದೇವರು ಈ ದೇಹವನ್ನೇ ನೂತನಗೊಳಿಸುವನೆಂಬುದು ಅವನ ಉತ್ತರ. ಓರಿಗನನು ದೇಹದ ಮಾರ್ಪಾಟನ್ನು ಎತ್ತಿಹಿಡಿದನು, ಮೆಥೋಡಿಯಸನು ಅದರ ಅನನ್ಯತೆಯನ್ನು. ಬಿತ್ತಿದ ಕಾಳಿನ ದೃಷ್ಟಾಂತದಲ್ಲಿ ಪೌಲನು ಇವೆರಡನ್ನೂ ಒಟ್ಟಿಗೆ ಹಿಡಿದಿದ್ದನು.

ಲಿಯೋನಿನ ಬೂದಿಯ ಪ್ರಸ್ತಾಪ ನಮಗೆ ಮತ್ತೊಮ್ಮೆ ಎದುರಾಗುವುದು ಸುಮಾರು 421ರಲ್ಲಿ, ಒಬ್ಬ ತಾಯಿಯ ದುಃಖದ ಸಂದರ್ಭದಲ್ಲಿ. ತನ್ನ ಮಗನ ದೇಹವನ್ನು ನೋಲಾದಲ್ಲಿ ಸಂತ ಫೆಲಿಕ್ಸನ ಸ್ಮಾರಕದ ಬಳಿ ಹೂಣಬೇಕೆಂದು ಆಕೆ ಬೇಡಿಕೊಂಡಿದ್ದಳು. ಅದರಿಂದ ಸತ್ತವನಿಗೆ ಪ್ರಯೋಜನವುಂಟೇ ಎಂದು ನೋಲಾದ ಬಿಷಪ್ ಪೌಲಿನಸನು ಅಗಸ್ಟಿನನನ್ನು ಕೇಳಿದನು. ಉತ್ತರವಾಗಿ ಬರೆದ ಕಿರುಗ್ರಂಥದಲ್ಲಿ ಅಗಸ್ಟಿನನು ರೋನ್ ನದಿಯ ರಕ್ತಸಾಕ್ಷಿಗಳನ್ನೇ ಸ್ಮರಿಸುತ್ತಾನೆ. ಸಮಾಧಿಯಿಲ್ಲದ್ದರಿಂದ ಅವರಿಗೆ ಯಾವ ನಷ್ಟವೂ ಆಗಲಿಲ್ಲ; ಉತ್ತರಕ್ರಿಯೆಯ ವೈಭವವು ಸತ್ತವರಿಗೆ ಸಹಾಯವಾಗುವುದಕ್ಕಿಂತ ಬದುಕಿರುವವರಿಗೆ ಸಾಂತ್ವನವಾಗುತ್ತದೆ. ಆದರೂ ಅವನು ದೇಹವನ್ನು ಕಡೆಗಣಿಸಲು ಬಿಡುವುದಿಲ್ಲ. ದೇಹವು ಹೊರಗಿನ ಆಭರಣವಲ್ಲ, ಮನುಷ್ಯಸ್ವಭಾವಕ್ಕೇ ಸೇರಿದ್ದು. ಅನಂತರ 'ದೇವರ ನಗರ'ದ ಕಡೆಯ ಪುಸ್ತಕದಲ್ಲಿ, ರಕ್ತಸಾಕ್ಷಿಗಳ ಕಡಿದ ಅಂಗಗಳು ಪುನಃ ಕೂಡಿಕೊಂಡರೂ ಗಾಯದ ಗುರುತುಗಳು ಕಾಣುತ್ತಿರಬಹುದು, ಅವು ಕುರೂಪವಲ್ಲ, ಗೌರವ ಎಂದು ಬರೆಯುತ್ತಾನೆ. ಪುನರುತ್ಥಾನ ಹೊಂದಿದ ಕರ್ತನು ತೋಮನಿಗೆ ತೋರಿಸಿದ ಕೈಗಳನ್ನು ಬಲ್ಲ ಸಭೆಗೆ ಈ ಮಾತು ವಿಚಿತ್ರವಾಗಿ ತೋರದು.

ಈ ಚರಿತ್ರೆಯು ಇಂದು ಸಭಾಪಾಲನೆಯಲ್ಲಿರುವ ನಮ್ಮನ್ನು ಪರೀಕ್ಷಿಸುತ್ತದೆ. ಶವಸಂಸ್ಕಾರದ ಆರಾಧನೆಗಳಲ್ಲಿ ನಾವು ಎಷ್ಟೋ ಸಲ ಆತ್ಮವು ಪಂಜರದಿಂದ ಹಾರಿಹೋಯಿತೆಂದು ಹೇಳಿ ಮುಗಿಸುತ್ತೇವೆ. ಅದು ಬ್ಲಾಂಡಿನಾಳ ಸಭೆಯ ನಿರೀಕ್ಷೆಯಲ್ಲ. ಯಜಮಾನರು ಕೊಂಡುಕೊಂಡ, ಅಧಿಕಾರಿಗಳು ಹರಿದುಹಾಕಿದ, ಕಡೆಗೆ ಬೂದಿಯಾಗಿಸಿದ ಆ ದೇಹವನ್ನೇ ದೇವರು ಘನಪಡಿಸುವನೆಂದು ಅವರು ನಂಬಿದರು. ಆ ನಿರೀಕ್ಷೆಯ ಆಧಾರವು ಉಳಿದ ಎಲುಬುಗಳಲ್ಲಿರಲಿಲ್ಲ, ಎಬ್ಬಿಸುವವನ ನಂಬಿಗಸ್ತಿಕೆಯಲ್ಲಿತ್ತು. ಆದ್ದರಿಂದ ಕಡಲಿನಿಂದ ಮರಳಿಬಾರದವನ ಮನೆಯಲ್ಲಿ, ಬೆಂಕಿಗೆ ಸಿಕ್ಕವರ ಮನೆಯಲ್ಲಿ, ಹೂಣಲು ದೇಹವೇ ದೊರೆಯದ ಮನೆಯಲ್ಲಿ ಸಹ ಶರೀರದ ಪುನರುತ್ಥಾನವನ್ನು ಸಾರುವುದಕ್ಕೆ ನಾವು ಹಿಂಜರಿಯಬೇಕಾಗಿಲ್ಲ. ಆ ಬೋಧನೆಯು ಮೊದಲು ಪರೀಕ್ಷೆಗೊಳಗಾಗಿ ನಿಂತದ್ದು ಅಂಥ ಮನೆಗಳಲ್ಲಿಯೇ.