ತೊಗರಿಯ ನೆಟೆರೋಗ

ಗೋವೆಯ ಊಟದ ಅಳ್ಸಾಂದೆ ನಮ್ಮ ಅಲಸಂದೆಯೇ. ಆದರೂ ಸಾವರ್ಡೆಯ ಕನ್ನಡಿಗರಾದ ನಮಗೆ ಬೇಳೆಯೆಂದರೆ ತೊಗರಿ. ತೊಗರಿಯೆಂದರೆ ಕಲಬುರ್ಗಿಯ ಎರೆನೆಲ. ಆ ಬೆಳೆಯನ್ನುಳಿಸಿದ ಯತ್ನದ ಚರಿತ್ರೆಯು ಅರಸರ ಕಾಳಗಗಳಿಗಿಂತ ಕಡಿಮೆ ಸ್ವಾರಸ್ಯದ್ದಲ್ಲ.

ನೆಟೆರೋಗವೆಂಬ ಸೊರಗುರೋಗವು ಬಹುಮಟ್ಟಿಗೆ ಹೂ ಕಾಯಿ ಹಿಡಿಯುವ ಹೊತ್ತಿಗೆ, ಅಂದರೆ ರೈತನ ಖರ್ಚೆಲ್ಲ ಮುಗಿದ ಮೇಲೆ, ಕಾಣಿಸಿಕೊಳ್ಳುತ್ತದೆ. ಕಾಂಡವನ್ನು ಸೀಳಿದರೆ ಒಳಗೆ ಕಪ್ಪು ಗೆರೆ. ಮಣ್ಣಿನ ಬೂಷ್ಟು ಬೇರನ್ನು ಹೊಕ್ಕು, ನೀರೇರುವ ನಾಳಗಳನ್ನು ಮುಚ್ಚಿಬಿಟ್ಟಿರುತ್ತದೆ. ಸಸ್ಯರೋಗತಜ್ಞ ಬಟ್ಲರ್ ಇದನ್ನು 1906ರಷ್ಟು ಹಿಂದೆಯೇ ವರದಿ ಮಾಡಿದ್ದರು. ಬೂಷ್ಟು ಹಳೆಯ ಕೂಳೆಗಳಲ್ಲಿ ವರ್ಷಗಟ್ಟಲೆ ಬದುಕಿರುವುದರಿಂದ ಔಷಧ ಸಿಂಪಡಿಸಿ ಗೆಲ್ಲುವ ಆಸೆ ವ್ಯರ್ಥ.

1972ರಲ್ಲಿ ಹೈದರಾಬಾದಿನ ಸಮೀಪ ಪಟಾನ್‌ಚೆರುವಿನಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯವರು ವಿಚಿತ್ರ ಮಾರ್ಗ ಹಿಡಿದರು. ಸೊರಗಿದ ಗಿಡಗಳನ್ನೇ ಮಣ್ಣಿಗೆ ಸೇರಿಸಿ, ಹೊಲದಲ್ಲಿ ರೋಗವನ್ನು ಸಾಕಿದರು! ಅಲ್ಲಿ ಬಗೆಬಗೆಯ ತೊಗರಿಯನ್ನು ಬಿತ್ತಿ, ಸಾಯದೆ ನಿಂತ ಗಿಡಗಳ ಬೀಜವನ್ನಾಯ್ದು ಮರಳಿ ಅದೇ ಮಣ್ಣಿಗೆ ಬಿತ್ತಿದರು. ಇಂಥ ಪರೀಕ್ಷೆಯನ್ನು ನಾವು ಶಿಕ್ಷಕರು ಯಾವ ಬಾಲಕನಿಗೂ ಒಡ್ಡಲಾರೆವು. ಹೀಗೆ ಉತ್ತೀರ್ಣವಾದ ಐಸಿಪಿ 8863 ತಳಿಯು 1986ರಲ್ಲಿ ‘ಮಾರುತಿ’ಯೆಂಬ ಹೆಸರಿನಿಂದ ಕರ್ನಾಟಕದ ರೈತರ ಕೈಸೇರಿತು.

ನೆಟೆರೋಗವನ್ನು ಗೆದ್ದ ಮಾರುತಿಯು ಗೊಡ್ಡುರೋಗಕ್ಕೆ ಮಣಿಯಿತು. ನುಸಿಗಳು ಹರಡುವ ಆ ರೋಗದಲ್ಲಿ ಗಿಡವು ಪೊದೆಯಂತೆ ಬೆಳೆದರೂ ಹೂ ಬಿಡದು. ಎರಡನ್ನೂ ತಡೆಯುವ ‘ಆಶಾ’ ತಳಿ 1993ರಲ್ಲಿ ಬಂದಿತು. ಆದರೆ ಅದು ಮಾಗಲು ಮಾರುತಿಗಿಂತ ಹೆಚ್ಚು ದಿನ ಬೇಕು. ಮಳೆ ಬೇಗ ಹಿಂದೆಗೆದ ವರ್ಷ, ತೆಳುಮಣ್ಣಿನ ಹೊಲದವನಿಗೆ ಆ ದಿನಗಳೇ ದುಬಾರಿ.