ಎಂಜಿನ್ನಿಗೆ ರಬ್ಬರ್ ಮೆಟ್ಟು ಸಿಕ್ಕ ಕಥೆ

ಹಳೇ ಕಾರು ಸ್ಟಾರ್ಟ್ ಮಾಡಿದಾಗ ಗೇರ್ ಲಿವರ್ ಗಡಗಡ ನಡುಗೋದು ನೋಡಿದ್ದೀರಲ್ಲ? ಗ್ಯಾರೇಜಲ್ಲಿ 'ಮೌಂಟಿಂಗ್ ಹೋಗಿದೆ' ಅಂತಾರೆ. ಆ ರಬ್ಬರ್ ತುಂಡಿಗೂ ಚರಿತ್ರೆ ಇದೆ.

ಮೊದಮೊದಲು ಎಂಜಿನ್ನನ್ನು ಚಾಸಿಗೇ ಬೋಲ್ಟ್ ಹಾಕಿ ಬಿಗಿಯುತ್ತಿದ್ದರು. ಕೆಟ್ಟ ರಸ್ತೆಯಲ್ಲಿ ಚಾಸಿ ತಿರುಚಿದರೆ ಎಂಜಿನ್ನಿನ ಕಾಲುಗಳೇ ಬಿರುಕು ಬಿಡೋವು. 1908ರ ಫೋರ್ಡ್ ಮಾಡೆಲ್ ಟಿ ಮೂರೇ ಕಡೆ ಹಿಡಿಸಿತು. ಮೂರು ಕಾಲಿನ ಸ್ಟೂಲು ಎಂಥ ನೆಲದಲ್ಲೂ ಕುಂಟಲ್ಲ ನೋಡಿ, ಅದೇ ಲೆಕ್ಕ. ಬಿರುಕಿನ ಕಾಟ ತಗ್ಗಿತು; ನಡುಕ ಹೋಗಲಿಲ್ಲ.

1931ರಲ್ಲಿ ಕ್ರೈಸ್ಲರ್ ಕಂಪನಿ ಪ್ಲಿಮತ್ ಪಿಎ ಕಾರಲ್ಲಿ 'ಫ್ಲೋಟಿಂಗ್ ಪವರ್' ತಂತು. ನನಗೆ ತುಂಬಾ ಇಷ್ಟವಾದ ಉಪಾಯ ಇದು. ಎಂಜಿನ್ ಹೊರಳೋಕೆ ನೋಡುತ್ತಾ? ಹೊರಳಲಿ ಬಿಡಿ ಅಂದರು! ಮುಂದೆ ಎತ್ತರದಲ್ಲೊಂದು, ಹಿಂದೆ ಗೇರ್‌ಬಾಕ್ಸ್ ಬಳಿ ತಗ್ಗಿನಲ್ಲೊಂದು ರಬ್ಬರ್ ಮೌಂಟಿಂಗ್. ಎರಡನ್ನೂ ಸೇರಿಸೋ ಗೆರೆ ಎಂಜಿನ್ನಿನ ತೂಕದ ನಡುಮಧ್ಯದಲ್ಲೇ ಹಾಯುತ್ತೆ. ಅತಿಯಾಗಿ ತೂಗದಂತೆ ಪಕ್ಕದಲ್ಲೊಂದು ಪಟ್ಟಿ ಸ್ಪ್ರಿಂಗು. ನಾಲ್ಕು ಸಿಲಿಂಡರಿನ ಕಾರು ಎಂಟರಷ್ಟು ನಯ ಅಂತ ಜಾಹೀರಾತು (ಜಾಹೀರಾತಲ್ವಾ, ಸ್ವಲ್ಪ ಒಗ್ಗರಣೆ ಇದ್ದೇ ಇರುತ್ತೆ). ಮರುವರ್ಷ ಫ್ರಾನ್ಸಿನ ಸಿಟ್ರೊಯೆನ್ ಲೈಸೆನ್ಸ್ ಪಡೆದು, ಲಾಂಛನದಲ್ಲಿ ತೇಲುವ ಹಂಸವನ್ನೇ ಹಾಕಿಕೊಂಡಿತು.

ಈಗ ನಿಮ್ಮ ವಿಷಯ. ಮನೆಯ ಹಳೇ ಮಾರುತಿ 800ಕ್ಕೆ ಗಟ್ಟಿ ಇರಲಿ ಅಂತ ಪಾಲಿಯುರೆಥೇನ್ ಮೌಂಟಿಂಗ್ ಹಾಕಿಸೋ ಮುನ್ನ ಯೋಚಿಸಿ. ಎಂಜಿನ್ ಅಲ್ಲಾಡೋದು ಕಮ್ಮಿಯಾಗುತ್ತೆ, ನಿಜ. ಆದರೆ ಮೂರು ಸಿಲಿಂಡರಿನ ನಡುಕ ಸೀಟಿಗೆ, ಸ್ಟಿಯರಿಂಗಿಗೆ ಬರುತ್ತೆ. ರೇಸ್ ಕಾರಿಗೆ ಅದು ಸರಿ. ದಿನಾ ಓಡಿಸೋ ಗಾಡಿಗೆ ಹೊಸ ರಬ್ಬರೇ ಸಾಕು. ಹರಿದದ್ದೊಂದನ್ನೇ ಬದಲಿಸಿ ಸುಮ್ಮನಾಗಬೇಡಿ, ಉಳಿದವನ್ನೂ ನೋಡಿಸಿ. ಅದರ ಭಾರವನ್ನು ಇಷ್ಟು ದಿನ ಹೊತ್ತಿದ್ದು ಅವೇ.