ಚೀನದ ಪರ್ವಗಳೂ ನಮ್ಮ ಎಳ್ಳಮಾವಾಸ್ಯೆಯೂ

ಚೀನದೇಶವೆಂದೊಡನೆ ನಮ್ಮವರಿಗೆ ರೇಷ್ಮೆಯೂ ಹ್ಯೂಯೆನ್ ತ್ಸಾಂಗನೂ ನೆನಪಾಗುವುದುಂಟು. ಏಳನೆಯ ಶತಮಾನದಲ್ಲಿ ಆ ಯಾತ್ರಿಕನು ಚಾಲುಕ್ಯ ಪುಲಕೇಶಿಯ ರಾಜ್ಯವನ್ನು ಕಂಡು ಬರೆದಿಟ್ಟುದನ್ನು ಶಾಲೆಯ ಬಾಲಕರೂ ಬಲ್ಲರು. ಆದರೆ ಅವನ ದೇಶದ ಜನರು ಹಬ್ಬದ ದಿನವನ್ನು ಹೇಗೆ ಗಣಿಸುವರು, ಹೇಗೆ ಆಚರಿಸುವರು ಎಂಬುದನ್ನು ವಿಚಾರಿಸಿದವರು ವಿರಳ. ವಿಚಾರಿಸಿ ನೋಡಿದಲ್ಲಿ, ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಒಕ್ಕಲಿಗನ ಪಂಚಾಂಗಕ್ಕೂ ಅವರ ಗಣನೆಗೂ ಇರುವ ಸಾದೃಶ್ಯವು ವಿಸ್ಮಯವನ್ನುಂಟುಮಾಡುವುದು.

ಚೀನೀಯರದೂ ನಮ್ಮಂತೆ ಚಾಂದ್ರಸೌರಮಾನವೇ. ಸೂರ್ಯಚಂದ್ರರು ಕೂಡುವ ದಿನವೇ ಅವರ ಮಾಸದ ಮೊದಲ ದಿನ. ಮುಖ್ಯ ಸಂಕ್ರಮಣವಿಲ್ಲದ ಮಾಸವು ಅವರಿಗೂ ಅಧಿಕಮಾಸ. ನಾವು ನಿರಯಣ ಸಂಕ್ರಮಣವನ್ನು ಹಿಡಿದರೆ ಅವರು ಸಾಯನವನ್ನು ಹಿಡಿಯುವರು, ಭೇದವಿಷ್ಟೇ. ನಮ್ಮ ಪ್ರಭವಾದಿ ಸಂವತ್ಸರಗಳಂತೆ ಅವರಿಗೂ 60 ವರ್ಷಗಳ ಚಕ್ರವುಂಟು. ಭಾರತೀಯ ಮೂಲದ ಗೌತಮ ಸಿದ್ಧನೆಂಬ ಜ್ಯೋತಿಷಿಯು ತಾಂಗ್ ಚಕ್ರವರ್ತಿಯ ಆಸ್ಥಾನದಲ್ಲಿದ್ದು 718ರಲ್ಲಿ ನವಗ್ರಹಗಣಿತವನ್ನು ಚೀನೀ ಭಾಷೆಗೆ ತಂದನು. ಆದರೂ ಅವರ ಅಧಿಕಮಾಸದ ನಿಯಮವು ಕ್ರಿ. ಪೂ. 104ರ ಪಂಚಾಂಗಸುಧಾರಣೆಯಷ್ಟು ಹಳೆಯದು. ಆದಕಾರಣ ಸಾದೃಶ್ಯಮಾತ್ರದಿಂದ ಋಣವನ್ನು ಊಹಿಸುವುದು ಯುಕ್ತವಲ್ಲ. ಬೇಸಾಯಗಾರರಾದ ಎರಡು ಜನಾಂಗಗಳು ಒಂದೇ ಆಕಾಶವನ್ನು ನೋಡಿ ಒಂದೇ ಅಗತ್ಯಕ್ಕೆ ಉತ್ತರ ಕಂಡುಕೊಂಡವೆನ್ನಬಹುದು. ಅಧಿಕಮಾಸವಿಲ್ಲದ ಹಿಜರಿ ಗಣನೆಯಲ್ಲಿ ನಮ್ಮೂರುಗಳ ಮೊಹರಮ್ಮು ಎಲ್ಲ ಋತುಗಳನ್ನೂ ಸುತ್ತಿಬರುವುದು. ಪೈರಿನ ಹಬ್ಬವಾದರೋ ಪೈರಿನೊಡನೆಯೇ ಬರಬೇಕು.

ಅವರ ಪರ್ವಗಳಲ್ಲಿ ವಸಂತೋತ್ಸವವೆಂಬ ಯುಗಾದಿಯೇ ಪ್ರಧಾನ. ಹಿಂದಿನ ರಾತ್ರಿ ಮನೆಮಂದಿಯೆಲ್ಲ ಸೇರಿ ಉಣ್ಣುವರು. ಬಾಗಿಲಿಗೆ ಕೆಂಪು ಕಾಗದದ ಮೇಲೆ ಶುಭವಚನಗಳನ್ನು ಬರೆದು ಅಂಟಿಸುವರು. ಪಿತೃಗಳಿಗೆ ನೈವೇದ್ಯವಿಟ್ಟು ಪಟಾಕಿ ಹಾರಿಸುವರು. ಹದಿನೈದನೆಯ ದಿನ ದೀಪೋತ್ಸವ. ಏಪ್ರಿಲ್ ಮೊದಲ ವಾರದ ಛಿಂಗ್‌ಮಿಂಗ್ ದಿನ ಹಿರಿಯರ ಸಮಾಧಿಗಳನ್ನು ಗುಡಿಸಿ ಪೂಜಿಸುವರು. ಐದನೆಯ ಮಾಸದ ಐದನೆಯ ದಿನ, ನದಿಯಲ್ಲಿ ಮುಳುಗಿ ಪ್ರಾಣಬಿಟ್ಟ ಛು ಯುಆನ್ ಕವಿಯ ಸ್ಮರಣೆಯಲ್ಲಿ ನಾವೆಗಳ ಪಂದ್ಯ ನಡೆಯುವುದು. ಎಂಟನೆಯ ಮಾಸದ ಹುಣ್ಣಿಮೆ, ಅಂದರೆ ಪ್ರಾಯಶಃ ನಮ್ಮ ಭಾದ್ರಪದದ ಹುಣ್ಣಿಮೆ, ಚಂದ್ರನನ್ನು ನೋಡಿ ಸಿಹಿ ಹಂಚುವ ದಿನ. ಹಿಂದೆ ವಸಂತಾಗಮನದಂದು ಮಣ್ಣಿನ ಎತ್ತನ್ನು ಮಾಡಿ ಕೋಲಿನಿಂದ ಹೊಡೆದು ಉಳುಮೆಯನ್ನು ಎಚ್ಚರಿಸುವ ಪದ್ಧತಿಯಿದ್ದಿತು. ನಮ್ಮ ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಎತ್ತು ಹೊಡೆತವನ್ನಲ್ಲ, ಪೂಜೆಯನ್ನು ಪಡೆಯುವುದು.

ಗಾಣಗಾಪುರದಲ್ಲಿ ಭೀಮಾ ಅಮರಜಾ ಸಂಗಮಕ್ಕೆ ದತ್ತಜಯಂತಿಯ ಯಾತ್ರಿಕರು ಬಂದುಹೋದ ಪಕ್ಷದ ಕೊನೆಗೆ, ಮಾರ್ಗಶಿರ ಬಹುಳ ಅಮಾವಾಸ್ಯೆಯಂದು, ನಮ್ಮ ಎಳ್ಳಮಾವಾಸ್ಯೆ. ಚೀನೀಯರ ವರ್ಷಾರಂಭವು ಸಾಮಾನ್ಯವಾಗಿ ಅದರ ಮುಂದಿನ ಅಮಾವಾಸ್ಯೆಗೆ ಬರುವುದು: 2024ರ ಡಿಸೆಂಬರ್ 30ಕ್ಕೆ ನಮ್ಮದು, 2025ರ ಜನವರಿ 29ಕ್ಕೆ ಅವರದು. ಅಂದು ಸಜ್ಜೆಯ ಕಡುಬು, ಸಜ್ಜೆಯ ರೊಟ್ಟಿ, ಬಗೆಬಗೆಯ ಕಾಳು ಸೊಪ್ಪು ಕೂಡಿದ ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿಗಳನ್ನು ಹೊತ್ತು ಕುಟುಂಬವೆಲ್ಲ ಹೊಲಕ್ಕೆ ಹೋಗುವುದು. ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಬಿಳಿಜೋಳದ ಪೈರಿನ ಸುತ್ತ ಚರಗ ಚೆಲ್ಲಿ, ಭೂತಾಯಿಗೆ ಉಣಿಸಿದ ಮೇಲೆಯೇ ಮನುಷ್ಯರ ಊಟ. ಹೊಲವಿಲ್ಲದವನನ್ನು ಹೊಲವಿದ್ದವನು ಕರೆದು ಉಣಿಸುವುದು ಈ ಹಬ್ಬದ ಸೊಬಗು.

ಇನ್ನು ರಾಜಶಾಸನಕ್ಕೂ ಹಬ್ಬಕ್ಕೂ ಇರುವ ಸಂಬಂಧವನ್ನು ನೋಡುವ. ಚೀನದ ಗಣರಾಜ್ಯವು 1912ರಲ್ಲಿ ಪಾಶ್ಚಾತ್ಯ ಪಂಚಾಂಗವನ್ನು ಅಂಗೀಕರಿಸಿತು. ತರುವಾಯದ ಸರ್ಕಾರವು ಹಳೆಯ ಯುಗಾದಿಯನ್ನು ನಿಲ್ಲಿಸಲು ಯತ್ನಿಸಿತು. 1967ರಲ್ಲಿ ಅದರ ರಜೆಯೇ ರದ್ದಾಯಿತು. ಆದರೂ ಮನೆಗಳಲ್ಲಿ ಹಬ್ಬವು ಅಳಿಯಲಿಲ್ಲ. 2008ರಿಂದ ಉಳಿದ ಮೂರು ಪರ್ವಗಳಿಗೂ ರಜೆ ದೊರೆಯಿತು. 2024ರಲ್ಲಿ ಯುನೆಸ್ಕೋ ಸಂಸ್ಥೆಯು ವಸಂತೋತ್ಸವವನ್ನು ತನ್ನ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ನಮ್ಮಲ್ಲಿಯೂ ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಕಾಗದಗಳು ಫಸಲಿ ವರ್ಷವನ್ನೂ ಆಜೂರ್, ದೈ, ಬಹಮನ್ ಎಂಬ ಮಾಸಗಳನ್ನೂ ಹೊತ್ತಿದ್ದುವು. ರೈತನು ಕಂದಾಯವನ್ನು ಆ ಲೆಕ್ಕದಲ್ಲಿ ತೆತ್ತು, ಚರಗವನ್ನು ಮಾತ್ರ ತನ್ನ ಪಂಚಾಂಗದಂತೆಯೇ ಚೆಲ್ಲಿದನು.

ಇದರಿಂದ, ಆಜ್ಞೆಯು ಹಬ್ಬವನ್ನು ಕೊಲ್ಲಲಾರದೆಂದು ಸಿದ್ಧವಾಯಿತು. ಆದರೆ ನಾವು ಅಷ್ಟಕ್ಕೇ ನಿಶ್ಚಿಂತರಾಗಿರುವುದು ತರವಲ್ಲ. ಚೀನೀಯರ ಯುಗಾದಿಗೆ ಮನೆಯೊಂದಿದ್ದರೆ ಸಾಕು; ಊರು ಬಿಟ್ಟವರು ರೈಲು ಹತ್ತಿ ಹಿಂದಿರುಗಿ ಅದನ್ನು ಆಚರಿಸುವರು. ನಮ್ಮ ಎಳ್ಳಮಾವಾಸ್ಯೆಗಾದರೋ ಹೊಲವೂ ಬೇಕು, ಹೊಲದಲ್ಲಿ ನಿಂತ ಪೈರೂ ಬೇಕು. ಬಿಳಿಜೋಳದ ನೆಲಕ್ಕೆ ಕಬ್ಬು ಬಂದಿದೆ. ಮಕ್ಕಳು ಪುಣೆ, ಮುಂಬಯಿಗಳಿಗೆ ದುಡಿಯಹೋಗಿರುವರು. ಯಾವ ಸರ್ಕಾರವೂ ನಿಷೇಧಿಸದ ಹಬ್ಬವು ಹೊಲ ಮಾರಿದ ಮನೆಯಲ್ಲಿ ತಾನಾಗಿಯೇ ನಿಂತುಹೋಗುವುದು. ಆದುದರಿಂದ ಹೊಲವುಳ್ಳ ಮಹನೀಯರಲ್ಲಿ ಒಂದು ವಿಜ್ಞಾಪನೆ: ಒಂದೆರಡು ಗುಂಟೆಯಾದರೂ ಬಿಳಿಜೋಳವನ್ನು ಬಿತ್ತಿರಿ; ಆ ದಿನ ಹೊಲವಿಲ್ಲದವರ ಮಕ್ಕಳನ್ನು ತಪ್ಪದೆ ಕರೆಯಿರಿ. ಚರಗದ ಅರ್ಥವನ್ನು ಪುಸ್ತಕದಿಂದ ಕಲಿಸಲಾಗದು. ಹೊಲದ ಬದುವಿನ ಮೇಲೆ ಕುಳಿತು ಉಂಡ ಮಗುವಿಗೆ ಅದನ್ನು ಬೇರೆ ಹೇಳಬೇಕಾಗಿಯೂ ಇಲ್ಲ.